ಹೇನು ಸಾಕಿ ಬೀನ್ಸ್ ಉಳಿಸಿಕೊಂಡೆ

ಬೀನ್ಸ್ ಪಾತಿಯ ಪಕ್ಕದಲ್ಲೇ, ಚಿಗುರಿನ ರಸ ಹೀರುವ ಗಿಡಹೇನು ಹಿಡಿಯಲಿ ಅಂತ ಬೇಕಂತಲೇ ಸಾಸಿವೆ ಹಾಕಿದಾಗ, ಕೈತೋಟ ಮಾಡುವ ಗೆಳೆಯರೆಲ್ಲ ಬೇಡ ಅಂದಿದ್ದರು. ಈಗ ಮೂರ್ನಾಲ್ಕು ವಸಂತ ಕಳೆದಿವೆ. ಬೀನ್ಸಿಗೆ ಒಂದು ಹನಿ ಔಷಧಿ ಹೊಡೆದಿಲ್ಲ. ಬೇಡ ಅಂದವರೇ ಈಗ ಬಂದು ಪಾತಿ ನೋಡಿಕೊಂಡು ಹೋಗುತ್ತಾರೆ.

ಮುಂಚೆ ಎಲ್ಲವನ್ನೂ ದುಡ್ಡು ಕೊಟ್ಟೇ ಮಾಡುತ್ತಿದ್ದೆ. ಬೇವಿನೆಣ್ಣೆ, ಸೋಪಿನ ನೀರು, ಹಳದಿ ಅಂಟು ಹಾಳೆ, ಬಲೆ. ಬೀಜ ಗೊಬ್ಬರಕ್ಕಿಂತ ಇವಕ್ಕೇ ಸುಮಾರು ಎರಡರಷ್ಟು ಹೋಗುತ್ತಿತ್ತು. ಸೋಪಿನ ನೀರು ಹೊಡೆದರೆ ಎರಡು ದಿನ ಎಲೆ ಚೊಕ್ಕ, ವಾರದೊಳಗೆ ಚಿಗುರು ಮತ್ತೆ ಕಪ್ಪು. ಈ ಹೆಣ್ಣು ಹೇನಿಗೆ ಗಂಡೇ ಬೇಡ, ನೇರ ಮರಿ ಹಾಕುತ್ತದೆ. ಬಿಸಿಲು ಏರಿದ ಮೇಲೆ ಆ ಮರಿಯೂ ವಾರ ಹತ್ತು ದಿನಕ್ಕೆ ಮರಿ ಹಾಕಲು ಶುರು. ಅಂಟು ಹಾಳೆಯಂತೂ ದಂಡ. ಅದಕ್ಕೆ ಸಿಕ್ಕಿ ಸಾಯುತ್ತಿದ್ದವು ನಮಗೆ ಬೇಕಾದ ಸಿರ್ಫಿಡ್ ನೊಣಗಳು. ಆ ನೊಣದ ಮರಿಹುಳು ಹೇನು ತಿಂದೇ ಬೆಳೆಯುವುದು, ಅಲ್ವಾ?

ಹೇನು ತಿನ್ನುವ ಗುಲಗಂಜಿ ಹುಳು (ಲೇಡಿಬರ್ಡ್) ಬರುತ್ತದೆ, ಆದರೆ ತಡವಾಗಿ. ಹೇನು ತುಂಬಿದ ಮೇಲೇ ಅದು ಮೊಟ್ಟೆ ಇಡುವುದು. ಅಷ್ಟರಲ್ಲಿ ಬೀನ್ಸಿನ ಹೂವು ಉದುರಿರುತ್ತದೆ. ಹಾಗಾಗಿ ಅದಕ್ಕೆ ಊಟ ಮುಂಚೆಯೇ ಇಟ್ಟೆ. ಬೀನ್ಸಿಗಿಂತ ನಾಲ್ಕೈದು ವಾರ ಮುಂಚೆ, ಚಳಿ ಪೂರ್ತಿ ಬಿಡುವ ಮೊದಲೇ, ಸಾಸಿವೆ ಸಾಲು. ಸಾಸಿವೆಯ ಹೇನು ಸಾಮಾನ್ಯವಾಗಿ ಬೀನ್ಸಿಗೆ ಹತ್ತುವುದಿಲ್ಲ, ಎರಡೂ ಬೇರೆ ಜಾತಿ. ಆದರೆ ಎಲೆಕೋಸು, ಮೂಲಂಗಿ ಹತ್ತಿರ ಮಾತ್ರ ಈ ಸಾಲು ಬೇಡ, ಅವು ಸಾಸಿವೆಯ ನೆಂಟರೇ.

ಸಾಸಿವೆ ಎಲೆಯಡಿ ಗುಲಗಂಜಿ ಹುಳುವಿನ ಹಳದಿ ಮೊಟ್ಟೆಗಳು ಗುಂಪಾಗಿ ನೆಟ್ಟಗೆ ನಿಂತಿದ್ದರೆ ಕೆಲಸ ಅರ್ಧ ಆದಂತೆ. ಮರಿ ಕಪ್ಪಗೆ, ಮೈಮೇಲೆ ಕಿತ್ತಳೆ ಚುಕ್ಕಿ, ಸಣ್ಣ ಮೊಸಳೆ ಹಾಗಿರುತ್ತದೆ. ಕೀಟ ಅಂತ ಹಿಸುಕಿ ಹಾಕುವವರೇ ಜಾಸ್ತಿ. ದಯವಿಟ್ಟು ಬೇಡ. ದೊಡ್ಡದಾಗುವುದರೊಳಗೆ ಒಂದೊಂದೂ ನೂರಾರು ಹೇನು ತಿನ್ನುತ್ತದೆ. ಬೀನ್ಸಿನ ಚಿಗುರಿನಲ್ಲಿ ಮೊದಲ ಹೇನು ಕಂಡಾಗ ಸಾಸಿವೆ ಕೊಯ್ದು ಬೀನ್ಸಿನ ಬುಡಕ್ಕೆ ಹರಡುತ್ತೇನೆ. ಸಾಸಿವೆ ಬಾಡಿದ ಹಾಗೆ ಮರಿಗಳು ತಾವೇ ಬಳ್ಳಿ ಹತ್ತುತ್ತವೆ. ಯಾವ ಹೊತ್ತಿನಲ್ಲಿ ಕೊಯ್ಯುತ್ತೇನೆ, ಸಾಸಿವೆ ಜೊತೆ ಇನ್ನೇನು ಬಿತ್ತುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಇರುವೆ ಇದ್ದರೆ ಇದೆಲ್ಲ ನಡೆಯುವುದಿಲ್ಲ. ಹೇನು ಸುರಿಸುವ ಸಿಹಿ ಅಂಟಿಗಾಗಿ ಅವು ಹೇನಿಗೆ ಕಾವಲು ಕಾಯುತ್ತವೆ, ಗುಲಗಂಜಿ ಹುಳುವನ್ನು ಓಡಿಸುತ್ತವೆ. ಬಳ್ಳಿಯ ಊರುಗೋಲಿನ ಬುಡಕ್ಕೆ ಗ್ರೀಸ್ ಸವರಿದ ಬಟ್ಟೆ ಸುತ್ತಿದೆ, ನೆಲ ಮುಟ್ಟುವ ಎಲೆ ಕಿತ್ತೆ. ಯೂರಿಯಾ ಹಾಕುವುದನ್ನೂ ಪೂರ್ತಿ ಬಿಟ್ಟೆ. ಅದರಿಂದ ಚಿಗುರು ಮೆತ್ತಗಾಗುತ್ತದೆ, ಮೆತ್ತಗಾದಷ್ಟೂ ಹೇನು ಜಾಸ್ತಿ.

ಇದರ ಮಧ್ಯೆ ಹಕ್ಕಿ ಕೂರಲು ಕವೆಗೋಲೂ ನೆಟ್ಟು ನೋಡಿದೆ. ಕೋಸಿನ ಪಾತಿಯಲ್ಲಿ ಹಸಿರು ಹುಳು ಅರ್ಧಕ್ಕರ್ಧ ಇಳಿಯಿತು. ಬಟಾಣಿ ಪಾತಿಯಲ್ಲಿ ಅವೇ ಹಕ್ಕಿಗಳು ಮೊಳಕೆ ಕಿತ್ತು ಹಾಕಿದವು. ಗಿಡ ಗೇಣುದ್ದ ಆಗುವವರೆಗೆ ಅಲ್ಲಿ ಕವೆ ನೆಡಬೇಡಿ. ನೆರಳಲ್ಲಿ ಬೋರಲು ಹಾಕಿದ ಒಡಕು ಕುಂಡಕ್ಕೆ ನೆಲಗಪ್ಪೆ ಬಂದು ಸೇರಿತು. ಆಮೇಲೆ ಗೊಂಡೆಹುಳು (ಚಿಪ್ಪಿಲ್ಲದ ಬಸವನಹುಳು) ಕಡಿಮೆಯಾಗಿವೆ.

ಎಲೆ ಮೇಲೆ ಉಬ್ಬಿ ಕಂದಾಗಿ ಅಂಟಿಕೊಂಡ ಹೇನು ಕಂಡರೆ ಒರೆಸಬೇಡಿ. ಒಳಗೆ, ಆ ಹೇನನ್ನೇ ತಿಂದು ಬೆಳೆಯುವ ಪುಟ್ಟ ಕಣಜದ ಹುಳುವಿನ ಮರಿ ಇರುತ್ತದೆ. ನಾನು ಆ ಎಲೆ ಕಿತ್ತು, ಹೇನು ಜಾಸ್ತಿ ಇರುವ ಗಿಡಕ್ಕೆ ಸಿಕ್ಕಿಸಿಬಿಡುತ್ತೇನೆ.