ಲಟಾಕಿಯಾ ಮಿಶ್ರಣ: ತೂಕಕ್ಕೆ ಮೊದಲು ಹದ

ಪೈಪ್ ಸೇದುವವರು ಇಂಗ್ಲಿಷ್ ಮಿಶ್ರಣ ಎನ್ನುವುದು ಮೂರು ಬಗೆಯ ತಂಬಾಕಿನ ಎಲೆಗಳ ಲೆಕ್ಕ: ವರ್ಜೀನಿಯಾ, ಓರಿಯಂಟಲ್ (ಬಿಸಿಲಲ್ಲಿ ಒಣಗಿಸಿದ, ಸಣ್ಣ ಎಲೆಯ ಪರಿಮಳದ ತಂಬಾಕು), ಹೊಗೆ ಹಿಡಿಸಿದ ಲಟಾಕಿಯಾ. ವೆನಿಲಾ, ಚೆರ್ರಿ ಎಸೆನ್ಸುಗಳ ಹಂಗಿಲ್ಲ, ರುಚಿಯೆಲ್ಲ ಎಲೆಯದ್ದೇ. 50 ಗ್ರಾಂಗೆ ನಾನು ಹಾಕುವುದು ಕೆಂಪು ವರ್ಜೀನಿಯಾ 15 ಗ್ರಾಂ, ಹಳದಿ ವರ್ಜೀನಿಯಾ 10, ಓರಿಯಂಟಲ್ 12, ಸೈಪ್ರಸ್ ಲಟಾಕಿಯಾ 13.

ಆದರೆ ಈ ಅಂಕಿಗಳನ್ನೇ ನಂಬಿ ತಕ್ಕಡಿಗೆ ಹಾಕಿದರೆ ಕೆಡುತ್ತದೆ. ಶೇ 24 ನೀರಿರುವ 100 ಗ್ರಾಂ ತಂಬಾಕಿನಲ್ಲಿ ಎಲೆ ಇರುವುದು 76 ಗ್ರಾಂ, ಶೇ 12 ನೀರಿದ್ದರೆ 88 ಗ್ರಾಂ. ಒದ್ದೆ ವರ್ಜೀನಿಯಾ, ಒಣ ಲಟಾಕಿಯಾ ಕೂಡಿಸಿ ತೂಗಿದರೆ ಲಟಾಕಿಯಾ ಹೆಚ್ಚಾಗಿ ಬರುವುದು ಇದರಿಂದಲೇ. ಹಾಗಾಗಿ ನಾಲ್ಕನ್ನೂ ಬೇರೆ ಬೇರೆ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಒಂದೇ ಹದಕ್ಕೆ ತಂದ ಮೇಲೆಯೇ ತೂಗುತ್ತೇನೆ. ಹದ ನೋಡಲು ಬೆರಳೇ ಸಾಕು. ಒಂದು ಚಿಟಿಕೆ ಎಳೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಬಿಡಿ. ಉಂಡೆಯಾಗಿಯೇ ಕೂತರೆ ಒದ್ದೆ, ಚುರುಚುರು ಎಂದು ಪುಡಿಯಾದರೆ ಒಣಗಿ ಹೋಗಿದೆ, ನಿಧಾನಕ್ಕೆ ಬಿಚ್ಚಿಕೊಂಡರೆ ಸರಿ. ಮೈಸೂರಿನ ಜನವರಿ ಮಧ್ಯಾಹ್ನ ಅರ್ಧ ಗಂಟೆಗೆ ಆಗುವ ಕೆಲಸ ಮಂಗಳೂರಿನ ಜುಲೈನಲ್ಲಿ ಇಡೀ ದಿನ ಕಾದರೂ ಆಗದಿರಬಹುದು. ಅಲ್ಲಿ ಟೇಬಲ್ ಲ್ಯಾಂಪಿನ ಕೆಳಗೆ ತಟ್ಟೆ ಇಡುವುದೇ ದಾರಿ.

ಹುಣಸೂರು, ಪಿರಿಯಾಪಟ್ಟಣದ ಬ್ಯಾರನ್ನುಗಳಲ್ಲಿ (ತಂಬಾಕು ಬೇಯಿಸುವ ಮನೆಗಳಲ್ಲಿ) ಬೇಯುವುದೂ ವರ್ಜೀನಿಯಾ ಜಾತಿಯ ಸೊಪ್ಪೇ. ಮೊದಲು ಸಣ್ಣ ಕಾವಿನಲ್ಲಿ, ತೇವ ಆರದಂತೆ, ಎಲೆ ಹಳದಿಗೆ ತಿರುಗುತ್ತದೆ. ಪಿಷ್ಟ ಸಕ್ಕರೆಯಾಗುವುದು ಆಗಲೇ. ಆಮೇಲೆ ಕಾವು ಏರಿಸುತ್ತಾ ಹೋಗಿ, ಕೊನೆಗೆ ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡುದಂಟು ಒಣಗಿಸುತ್ತಾರೆ. ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಮಿಶ್ರಣದ ಸಿಹಿ ಅದರಿಂದ, ನಾಲಿಗೆ ಚುರುಗುಟ್ಟುವುದಕ್ಕೂ ಅದು ಒಂದು ಕಾರಣ: ಸಕ್ಕರೆ ಹೆಚ್ಚಿರುವ ಎಲೆ ಜೋರಾಗಿ ಎಳೆದರೆ ಬಿಸಿಯಾಗಿ ಉರಿಯುತ್ತದೆ. ಹಳದಿಯಲ್ಲಿ ಒಣಹುಲ್ಲು, ನಿಂಬೆಸಿಪ್ಪೆಯ ಚುರುಕು, ಕೆಂಪಿನಲ್ಲಿ ಬ್ರೆಡ್ಡಿನ ಅಂಚಿನ ರುಚಿ. ಬರೀ ಹಳದಿ ಹಾಕಿದರೆ ನಾಲಿಗೆ ಉಳಿಯುವುದಿಲ್ಲ.

ಲಟಾಕಿಯಾ ಬಿಸಿಲಲ್ಲಿ ಒಣಗಿದ ಮೇಲೆ ಪರಿಮಳದ ಕಟ್ಟಿಗೆ, ಪೊದೆಗಳ ಹೊಗೆಯಲ್ಲಿ ವಾರಗಟ್ಟಲೆ ತೂಗಿಬಿದ್ದ ಎಲೆ. ಹೆಸರು ಸಿರಿಯಾದ ಬಂದರಿನದು, ಈಗ ಸಿಗುವುದು ಹೆಚ್ಚಾಗಿ ಸೈಪ್ರಸ್‌ನದು. ಬಣ್ಣ ಕಪ್ಪು, ವಾಸನೆ ಸೌದೆ ಒಲೆ ಮತ್ತು ಹಳೇ ಚರ್ಮದ್ದು. ಸೇದುವವನಿಗೆ ಸೊಗಸು, ಪಕ್ಕದ ಕೋಣೆಯವರಿಗೆ ಟಯರು ಸುಟ್ಟಂತೆ. ತಣ್ಣಗೆ ಉರಿಯುವುದರಿಂದ ಹೊಸಬರಿಗೆ ಇದು ಸಲೀಸು ಅನ್ನಿಸುತ್ತದೆ, ಆ ಭರದಲ್ಲಿ ಪಾಲು ಹೆಚ್ಚಿಸುತ್ತಾರೆ. 50 ಗ್ರಾಂನಲ್ಲಿ 20 ದಾಟಿದರೆ ಓರಿಯಂಟಲ್‌ನ ಹುಳಿಮಿಶ್ರಿತ ಗಿಡಮೂಲಿಕೆ ಪರಿಮಳ ಪೂರ್ತಿ ಮುಚ್ಚಿಹೋಗುತ್ತದೆ. ಅಷ್ಟು ಬೆಲೆಯ ಎಲೆ ದಂಡ. 5 ಗ್ರಾಂಗಿಂತ ಕಡಿಮೆಯಾದರೆ ವರ್ಜೀನಿಯಾಕ್ಕೆ ಹೊಗೆ ತಗುಲಿದಂತಿರುತ್ತದೆ, ಅಷ್ಟೆ.

ಬೆರೆಸುವಾಗ ಅಗಲವಾದ ಪಾತ್ರೆಯಲ್ಲಿ ಬೆರಳುಗಳಿಂದ ಎತ್ತಿ ಎತ್ತಿ ಬಿಡಬೇಕು, ಹಿಸುಕಬಾರದು. ಲಟಾಕಿಯಾ ಬೇಗ ಪುಡಿಯಾಗುತ್ತದೆ, ಅದು ಕೊನೆಗೆ. ಅವತ್ತೇ ಸೇದಿದರೆ ಮೂರು ಎಲೆ ಮೂರು ದಿಕ್ಕಿಗೆ ಎಳೆಯುತ್ತವೆ. ಗಾಜಿನ ಜಾಡಿಯ ಕತ್ತಿನವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ನಾಲ್ಕು ವಾರ ಕತ್ತಲೆಯಲ್ಲಿ ಇಡಬೇಕು. ಫ್ರಿಜ್ಜು ಬೇಡ. ಒಣಗಿದೆ ಎಂದು ಜಾಡಿಗೇ ನೀರು ಚಿಮುಕಿಸುವುದು ಬೂಸ್ಟಿಗೆ ಆಹ್ವಾನ. ಹತ್ತಿಯಂಥ ಬಿಳಿ ಎಳೆ ಕಂಡರೆ, ಒದ್ದೆ ಗೋಣಿಚೀಲದ ವಾಸನೆ ಬಂದರೆ ಇಡೀ ಜಾಡಿ ಎಸೆಯಬೇಕು.

ಜಾಡಿಯ ಹದಕ್ಕಿಂತ ಸೇದುವ ಹದ ಒಂದು ಎಳೆ ಒಣ. ಹಾಗಾಗಿ ತುಂಬುವ ಮೊದಲು ಹತ್ತು ನಿಮಿಷ ಕಾಗದದ ಮೇಲೆ ಹರಡುತ್ತೇನೆ. 20 ಮಿ.ಮೀ. ಅಗಲ, 38 ಮಿ.ಮೀ. ಆಳದ ಪೈಪಿನ ಬಟ್ಟಲಿಗೆ (ತಂಬಾಕು ತುಂಬುವ ಗುಳಿಗೆ) ಸುಮಾರು ಎರಡೂವರೆ ಗ್ರಾಂ ಹಿಡಿಯುತ್ತದೆ. ಮೊದಲ ಪದರ ಸುಮ್ಮನೆ ಉದುರಿಸಿ, ಎರಡನೆಯದು ಮೆಲ್ಲಗೆ ಒತ್ತಿ, ಮೂರನೆಯದು ಸ್ವಲ್ಪ ಬಿಗಿಯಾಗಿ. ಹಚ್ಚುವ ಮೊದಲೇ ಎಳೆದು ನೋಡಬೇಕು: ಸ್ಟ್ರಾದಲ್ಲಿ ಎಳನೀರು ಹೀರುವಷ್ಟು ತಡೆ ಇರಲಿ. ಅದಕ್ಕಿಂತ ಬಿಗಿಯಾಗಿದ್ದರೆ ಸುರಿದು ಮತ್ತೆ ತುಂಬುವುದೇ ವಾಸಿ, ಮೇಲಿಂದ ಕಡ್ಡಿ ಚುಚ್ಚಿ ಸರಿಮಾಡಲಾಗದು. ಮೊದಲ ಕಿಡಿಗೆ ಎಳೆಗಳು ಸುರುಳಿಬಿದ್ದು ಮೇಲೇಳುತ್ತವೆ. ಟ್ಯಾಂಪರಿನ (ತಂಬಾಕು ಒತ್ತುವ ಪುಟ್ಟ ಸಲಕರಣೆಯ) ಸ್ವಂತ ಭಾರದಲ್ಲೇ ಅವನ್ನು ಸಮಮಾಡಿ ಎರಡನೇ ಸಲ ಹಚ್ಚಬೇಕು.

ಆಮೇಲೆ ಬಿಸಿ ಟೀ ಗುಟುಕರಿಸುವ ವೇಗ ಸಾಕು. ಬಟ್ಟಲನ್ನು ಕೆನ್ನೆಗೆ ಒತ್ತಿ ಹಿಡಿಯಲಾಗದಿದ್ದರೆ ಕೆಳಗಿಟ್ಟುಬಿಡಿ. ಆರಿದರೆ ಮತ್ತೆ ಹಚ್ಚುವುದರಲ್ಲಿ ಅವಮಾನವಿಲ್ಲ. ಮೊದಲ ಭಾಗದಲ್ಲಿ ಹೊಗೆ, ಚರ್ಮ ಮುಂದಿರುತ್ತವೆ. ನಡುವೆ ಓರಿಯಂಟಲ್ ತಲೆಯೆತ್ತುತ್ತದೆ, ಕೊನೆಗೆ ಕೆಂಪು ವರ್ಜೀನಿಯಾದ ದಟ್ಟ ಸಿಹಿ. ಕೊನೆಯ ಭಾಗ ಕಹಿಯಾದರೆ ಮಿಶ್ರಣವನ್ನು ದೂರುವ ಮೊದಲು ತೇವ ನೋಡಿ. ಗುಳುಗುಳು ಸದ್ದು ಬಂದ ಕೂಡಲೇ ಪೈಪ್ ಕ್ಲೀನರ್ ತೂರಿಸಿದರೆ ಆ ಕಹಿ ನೀರು ಹೊರಬರುತ್ತದೆ. ಹೊಗೆ ಒಳಗೆಳೆಯದಿದ್ದರೂ ಬಾಯಿಯ ಮೂಲಕ ನಿಕೋಟಿನ್ ಏರುತ್ತದೆ. ಖಾಲಿ ಹೊಟ್ಟೆಯಲ್ಲಿ ಬಿಕ್ಕಳಿಕೆ, ತಲೆಸುತ್ತು ಅದರಿಂದಲೇ. ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯವೂ ತಪ್ಪುವುದಿಲ್ಲ.

ಈ ಮಿಶ್ರಣಕ್ಕೆ ಬ್ರಯರ್ ಮರದ ಒಂದು ಪೈಪನ್ನೇ ಮೀಸಲಿಡಿ. ಲಟಾಕಿಯಾದ ವಾಸನೆ ಮರದೊಳಗಿನ ಮಸಿಪದರದಲ್ಲಿ ಕೂತುಬಿಡುತ್ತದೆ; ಅದೇ ಪೈಪಿನಲ್ಲಿ ಮುಂದೆ ಬರೀ ವರ್ಜೀನಿಯಾ ಸೇದಿದರೂ ಹತ್ತಾರು ಬಟ್ಟಲುಗಳವರೆಗೆ ಸೌದೆ ಒಲೆಯೇ ನೆನಪಾಗುತ್ತಿರುತ್ತದೆ.