ಲಡಾಖಿನ ಪೋಸ್ಟಿಗೆ ಆರು ತಿಂಗಳ ಸಾಮಾನು ಸೇರಿಸುವುದು ಹೇಗೆ?

ಸ್ಟೋರ್ ಕೆಲಸ ಅಂದರೆ ಚೀಲ ಎಣಿಸೋದು ತಾನೇ ಅಂತ ಊರಲ್ಲಿ ಈಗಲೂ ಕೇಳುತ್ತಾರೆ. ಕೇಳಲಿ ಬಿಡಿ. ನಾನು ಇದನ್ನು ಬರೆಯುತ್ತಿರುವುದು ಸೇನೆಯಲ್ಲಿ ಎತ್ತರದ ಜಾಗಕ್ಕೆ ಪೋಸ್ಟಿಂಗ್ ಬಂದು, ರೈಫಲ್ ಜೊತೆಗೆ ಸ್ಟೋರಿನ ಲೆಡ್ಜರನ್ನೂ ಹಿಡಿಯಬೇಕಾದ ಹುಡುಗರಿಗೆ.

ಮೊದಲು ದಾರಿ ಗೊತ್ತಿರಲಿ. ಶ್ರೀನಗರದಿಂದ ಲೇಹ್‌ಗೆ ಸುಮಾರು 420 ಕಿಮೀ, ನಡುವೆ ಹನ್ನೊಂದೂವರೆ ಸಾವಿರ ಅಡಿ ಎತ್ತರದ ಜೋಜಿ ಲಾ (ಲಾ ಅಂದರೆ ಬೆಟ್ಟ ದಾಟುವ ಕಣಿವೆದಾರಿ). ಮನಾಲಿ ಕಡೆಯಿಂದ ಬಂದರೆ 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಕಾಟ ತಪ್ಪಿದೆ, ಆದರೆ ಆಚೆಗಿರುವ ಬಾರಾಲಾಚಾ ಲಾ, ತಂಗ್ಲಂಗ್ ಲಾ ಎಲ್ಲೂ ಹೋಗಿಲ್ಲ. ಮೊದಲೆಲ್ಲ ಜೋಜಿ ಲಾ ಐದಾರು ತಿಂಗಳು ಮುಚ್ಚಿರುತ್ತಿತ್ತು. ಗಡಿ ರಸ್ತೆ ಸಂಸ್ಥೆಯವರು ಹಿಮ ಕಡಿದು ಕಡಿದು 2025ರಲ್ಲಿ ಬರೀ 32 ದಿನಕ್ಕೆ ತಂದಿದ್ದಾರೆ. ದೊಡ್ಡ ಕೆಲಸವೇ. ಆದರೆ ಅದನ್ನು ನಂಬಿ ನಿಮ್ಮ ಸ್ಟಾಕ್ ಇಳಿಸಬೇಡಿ. ತೆರೆಯುವುದು ಲೇಹ್ ತನಕದ ರಸ್ತೆ, ನಿಮ್ಮ ಪೋಸ್ಟಿನ ಕಾಲುದಾರಿ ಅಲ್ಲ. 180 ದಿನಕ್ಕೇ ಲೆಕ್ಕ ಹಾಕಿ.

ಲೆಕ್ಕವನ್ನು ಮೇಲಿಂದ ಕೆಳಕ್ಕೆ ಹಾಕಬೇಕು. ಹೊಸಬರೆಲ್ಲ ಡಿಪೋದಲ್ಲಿ ಏನಿದೆ ಅಂತ ನೋಡಿ ಹಂಚಲು ಕೂರುತ್ತಾರೆ, ಅಲ್ಲೇ ಎಡವುತ್ತಾರೆ. ಕಟ್ಟಕಡೆಯ ಪೋಸ್ಟಿನಲ್ಲಿ ಎಷ್ಟು ಜನ, ಅಲ್ಲಿಗೆ ಕೊನೇ ಹೊರೆಯನ್ನು ಯಾರು ಹೊರುತ್ತಾರೆ ಅನ್ನುವಲ್ಲಿಂದ ಶುರು ಮಾಡಿ. ಉದಾಹರಣೆಗೆ 20 ಜನ ಅಂದುಕೊಳ್ಳಿ. ಅಕ್ಕಿ, ಆಟಾ ಸೇರಿ ತಲೆಗೆ ದಿನಕ್ಕೆ ಅರ್ಧ ಕೆಜಿ ಹಿಡಿದರೂ 1,800 ಕೆಜಿ ಆಯಿತು. ಒಂದು ಹೇಸರಗತ್ತೆ ಸುಮಾರು 70 ಕೆಜಿ ಹೊರುತ್ತದೆ. ಅಂದರೆ 26 ಹೊರೆ, ಬರೀ ಅಕ್ಕಿ ಆಟಾಕ್ಕೆ. ಬೇಳೆ, ಎಣ್ಣೆ, ಸಕ್ಕರೆ, ಹಾಲಿನ ಪುಡಿ ಇನ್ನೂ ಕೆಳಗೇ ಇದೆ.

ಈಗ ಸೀಮೆಎಣ್ಣೆಗೆ ಬನ್ನಿ, ನಿಜವಾದ ತಲೆನೋವು ಇರುವುದೇ ಇಲ್ಲಿ. ಅಡುಗೆಗೆ ಅದೇ, ಟೆಂಟು ಬಿಸಿ ಮಾಡುವ ಬುಖಾರಿ ಒಲೆಗೆ ಅದೇ, ಹಿಮ ಕರಗಿಸಿ ನೀರು ಮಾಡಿಕೊಳ್ಳಲೂ ಅದೇ. ದಿನಕ್ಕೆ 10 ಲೀಟರ್ ಅಂತ ಇಟ್ಟುಕೊಂಡರೆ ಆರು ತಿಂಗಳಿಗೆ 1,800 ಲೀಟರ್, 20 ಲೀಟರಿನ ಜೆರ್ರಿಕ್ಯಾನ್ ಲೆಕ್ಕದಲ್ಲಿ 90 ಕ್ಯಾನ್. ತುಂಬಿದ ಕ್ಯಾನ್ ಹೆಚ್ಚುಕಡಿಮೆ 20 ಕೆಜಿ ತೂಗುತ್ತದೆ. ಹಾಗಾದರೆ ಒಂದು ಪ್ರಾಣಿಗೆ ಮೂರು ಹೇರಬಹುದಲ್ವಾ ಅಂತ ಕಾಗದದ ಮೇಲೆ ಅನ್ನಿಸುತ್ತದೆ. ಆದರೆ ಎರಡೂ ಬದಿ ತೂಕ ಸಮ ಇಲ್ಲದಿದ್ದರೆ ಜೀನು ಜಾರುತ್ತದೆ, ಕಡಿದಾದ ಏರಿನಲ್ಲಿ ಜೀನು ಜಾರಿದರೆ ಪ್ರಾಣಿಯೂ ಹೋಯಿತು, ಎಣ್ಣೆಯೂ ಹೋಯಿತು. ಆ ಕಡೆ ಒಂದು, ಈ ಕಡೆ ಒಂದು, ಅಷ್ಟೇ. 45 ಹೊರೆ. ಪ್ರಾಣಿ ಹತ್ತದ ಕಡೆ ಪೋರ್ಟರ್ ಬೆನ್ನೇ ಗತಿ, ಒಬ್ಬರಿಗೆ ಒಂದು ಕ್ಯಾನ್. ಹೆಲಿಕಾಪ್ಟರ್ ಇದೆಯಲ್ಲ ಅನ್ನಬೇಡಿ. ಸಿಯಾಚಿನ್‌ಗೆ ಹೋಗುವ ಚೀತಾ ಕೂಡ ಮೇಲೇರಿದಷ್ಟೂ ಹೊರೆ ಇಳಿಸಬೇಕು, ಮೋಡ ಕವಿದರೆ ವಾರಗಟ್ಟಲೆ ಬರದೇ ಇರಬಹುದು.

ಒಂದು ಚಳಿಗಾಲ ನಮ್ಮಲ್ಲಿ ಎಣ್ಣೆಗೆ ಏನೂ ಕೊರತೆ ಇರಲಿಲ್ಲ. ಪಂಪ್ ಸ್ಟೌವಿನ ಪಿನ್ನು ಕಳಿಸಿರಲಿಲ್ಲ! ಹಳೇ ಮನೆಗಳಲ್ಲಿ ಅಮ್ಮಂದಿರು ಬರ್ನರ್ ಚುಚ್ಚಲು ಗೋಡೆಗೆ ಸಿಕ್ಕಿಸಿಡುತ್ತಿದ್ದರಲ್ಲ, ಅದೇ ತಗಡಿನ ಪಿನ್ನು. ಬರ್ನರ್ ಕಟ್ಟಿಕೊಂಡು ಕಪ್ಪು ಹೊಗೆ, ಟೆಂಟಿನಲ್ಲಿದ್ದವರ ಮೂಗೆಲ್ಲ ಮಸಿ. ಆಮೇಲೆ ಒಬ್ಬ ಸಿಗ್ನಲ್ ವೈರಿನ ಒಂದು ಎಳೆ ಬಿಡಿಸಿ ಚುಚ್ಚಿದ, ಚಳಿಗಾಲ ಅದರಲ್ಲೇ ಕಳೆಯಿತು. ಇಂಡೆಂಟ್, ಅಂದರೆ ಬೇಕಾದ ಸಾಮಾನಿನ ಬೇಡಿಕೆ ಪಟ್ಟಿ, ಬರೆದವನು ನಾನೇ, ಯಾರನ್ನು ಬಯ್ಯಲಿ? ಅಂದಿನಿಂದ ನನ್ನ ಪಟ್ಟಿ ಪಿನ್ನು, ವಾಷರ್, ಬತ್ತಿ, ಬೆಂಕಿಪೊಟ್ಟಣ, ಕುಕ್ಕರ್ ಗ್ಯಾಸ್ಕೆಟ್ಟಿನಿಂದಲೇ ಶುರುವಾಗುತ್ತದೆ.

ಗ್ಯಾಸ್ಕೆಟ್ ಅಂದರೆ ನಗಬೇಡಿ. 15,000 ಅಡಿಯಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಬರೀ ಪಾತ್ರೆಯಲ್ಲಿ ಬೇಳೆ ಎಷ್ಟು ಹೊತ್ತಾದರೂ ಗಟ್ಟಿಯಾಗೇ ಉಳಿಯುತ್ತದೆ, ಎಣ್ಣೆ ಮಾತ್ರ ಖಾಲಿ. ಕುಕ್ಕರ್ ಕೆಟ್ಟರೆ ನಿಮ್ಮ 90 ಕ್ಯಾನಿನ ಲೆಕ್ಕವೂ ಕೆಟ್ಟಿತು.

ಊಟದ ವಿಷಯದಲ್ಲಿ ಎತ್ತರದಲ್ಲಿ ಹಸಿವೇ ಸತ್ತುಹೋಗುತ್ತದೆ, ಅದು ನೆನಪಿರಲಿ. ಕ್ಯಾಲೊರಿ ಕಳಿಸಿದರೆ ಸಾಲದು, ತಿನ್ನುವ ಹಾಗಿರಬೇಕು. ಆಲೂಗಡ್ಡೆ, ಮೊಟ್ಟೆ ಕಲ್ಲಾಗುತ್ತವೆ. ಪೊಟ್ಟಣದ ಊಟ ಬಿಸಿ ಮಾಡಿದರೆ ಸಾಕು, ಬೇಯಿಸಬೇಕಾಗಿಲ್ಲ, ಎಣ್ಣೆಯೂ ಉಳಿಯುತ್ತದೆ. ಇಂಥ ಊಟದ ಮೇಲೆ ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ 1961ರಿಂದ ಕೆಲಸ ಮಾಡುತ್ತಿದೆ. ಆದರೆ ತಿಂಗಳುಗಟ್ಟಲೆ ಅದನ್ನೇ ತಿಂದವನಿಗೆ ಒಂದು ಚಮಚ ಉಪ್ಪಿನಕಾಯಿಯೇ ಮೃಷ್ಟಾನ್ನ. ಉಪ್ಪಿನಕಾಯಿ ಜಾಸ್ತಿ ಕಳಿಸಿ, ಗಾಜಿನ ಬಾಟಲಿಯಲ್ಲಿ ಮಾತ್ರ ಬೇಡ.

ಗಾಡಿಗಳ ಡೀಸೆಲ್ ಬಗ್ಗೆ ಒಂದು ಮಾತು. ಮಾಮೂಲಿ ಡೀಸೆಲ್ ಚಳಿಗೆ ಮೇಣಗಟ್ಟುತ್ತದೆ. ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ 2019ರಿಂದ ಲಡಾಖಿಗೆ ಬರುತ್ತಿದೆ. ಎರಡರ ಬ್ಯಾರಲ್ ಬೇರೆ ಬೇರೆ ಇಡಿ, ಮೇಲೆ ಪೇಂಟಲ್ಲಿ ದೊಡ್ಡದಾಗಿ ಬರೆಯಿರಿ. ಕೆಳಗಿನಿಂದ ಬರುವ ಡ್ರೈವರುಗಳಿಗೂ ಎತ್ತರಕ್ಕೆ ಒಗ್ಗಲು ದಿನ ಬೇಕು. ಮೊದಲ ಹಂತಕ್ಕೇ ಆರು ದಿನ, ಅದಕ್ಕಿಂತ ಮೇಲೆ ಹೋಗುವವರಿಗೆ ಮುಂದಿನ ಒಂದೊಂದು ಹಂತಕ್ಕೂ ಇನ್ನೂ ನಾಲ್ಕು ನಾಲ್ಕು ದಿನ. ಟ್ರಿಪ್ಪಿನ ಲೆಕ್ಕದಲ್ಲಿ ಇದನ್ನು ಬಿಟ್ಟರೆ ಸೆಪ್ಟೆಂಬರ್ ಮುಗಿಯುವಾಗ ಕೈಕೈ ಹಿಸುಕಿಕೊಳ್ಳುತ್ತೀರಿ.

ಮೇಲೆ ತಲುಪಿದ ಮೇಲೆ ಎಲ್ಲವನ್ನೂ ಒಂದೇ ಕಡೆ ಒಟ್ಟಬೇಡಿ. ಒಂದು ಹಿಮಪಾತ ಅಥವಾ ಒಂದು ಬೆಂಕಿ ಸಾಕು. ಎರಡು ಮೂರು ಕಡೆ ಹಂಚಿಡಿ, ಸೀಮೆಎಣ್ಣೆಯನ್ನು ರೇಷನ್ನಿನಿಂದ, ಮಲಗುವ ಜಾಗದಿಂದ ದೂರ ಇಡಿ. ಪ್ರತಿ ರಾಶಿಯ ಪಕ್ಕ ಆಳೆತ್ತರಕ್ಕಿಂತ ಉದ್ದದ ಬಿದಿರು ನೆಟ್ಟು, ತುದಿಗೆ ಕೆಂಪು ಬಟ್ಟೆ ಕಟ್ಟಿ. ಜನವರಿಯಲ್ಲಿ ರಾಶಿ ಕಾಣುವುದಿಲ್ಲ, ಬಟ್ಟೆ ಕಾಣುತ್ತದೆ. ಹೋದ ವರ್ಷದ ಸಾಮಾನು ಮುಂದೆ, ಹೊಸದು ಹಿಂದೆ.

ಇಳಿಯುವ ಪ್ರಾಣಿಗಳನ್ನು ಬರಿಗೈಲಿ ಕಳಿಸಬೇಡಿ, ಖಾಲಿ ಕ್ಯಾನ್ ಹೇರಿ. ಮುಂದಿನ ವರ್ಷ ಕೆಳಗೆ ಎಣ್ಣೆ ಇದ್ದು ತುಂಬಲು ಕ್ಯಾನ್ ಇಲ್ಲ ಅನ್ನುವ ಸ್ಥಿತಿ ನಾನು ನೋಡಿದ್ದೇನೆ. ಇನ್ನು ಕೊನೇ ಕಾನ್ವಾಯ್‌ನಲ್ಲಿ ಒಂದು ಗಾಡಿಯ ಮೂಲೆ ಖಾಲಿ ಇಟ್ಟುಕೊಳ್ಳಿ. ಮೇಲಿಂದ ಆ ವಾರ ರೇಡಿಯೋದಲ್ಲಿ ಒಂದು ಚಿಕ್ಕ ಪಟ್ಟಿ ಬಂದೇ ಬರುತ್ತದೆ: ಬ್ಯಾಟರಿ, ಕೇರಂ ಪೌಡರ್, ಯಾರದೋ ಓದುವ ಕನ್ನಡಕ.