ನಾಲ್ಕು ಬೋಲ್ಟುಗಳ ಮೇಲೆ ನಿಂತ ಕಾರು: ಲೋಟಸ್ 49ರ ಮಾದರಿ ಕಟ್ಟಿದ ನನ್ನ ಅನುಭವ

ಹನ್ನೆರಡರಲ್ಲಿ ಒಂದು ಪ್ರಮಾಣದ ಮಾದರಿಗೆ ಲೋಟಸ್ 49 ಎಂಬ ಫಾರ್ಮುಲಾ ಒನ್ ರೇಸ್ ಕಾರನ್ನೇ ಆರಿಸಿಕೊಳ್ಳಲು ಕಾರಣ ಅದರ ಅಂದಕ್ಕಿಂತ ಹೆಚ್ಚಾಗಿ ಅದನ್ನು ಕಟ್ಟಿದ ರೀತಿ. ಕಾಲಿನ್ ಚಾಪ್‌ಮನ್ ಮತ್ತು ಮೌರಿಸ್ ಫಿಲಿಪ್ ವಿನ್ಯಾಸಗೊಳಿಸಿದ ಈ ಕಾರಿನಲ್ಲಿ ಚಾಲಕನ ಬೆನ್ನಿನಿಂದ ಹಿಂದಕ್ಕೆ ಚಾಸಿಯೇ ಇಲ್ಲ. ಅಲ್ಯೂಮಿನಿಯಂ ತಗಡಿನ ಮೊನೊಕಾಕ್, ಅಂದರೆ ಮೈಯೇ ಚೌಕಟ್ಟೂ ಆಗಿರುವ ಭಾಗ, ಅಲ್ಲಿಗೆ ಮುಗಿಯುತ್ತದೆ. ಕೀತ್ ಡಕ್‌ವರ್ತ್ ರೂಪಿಸಿದ ಮೂರು ಲೀಟರಿನ ಕಾಸ್‌ವರ್ತ್ ಡಿಎಫ್‌ವಿ ಎಂಜಿನ್ನನ್ನು ಅದರ ಬೆನ್ನಿಗೆ ನಾಲ್ಕೇ ಕಡೆ ಬೋಲ್ಟ್ ಹಾಕಿ ನಿಲ್ಲಿಸಲಾಗಿದ್ದು, ಗೇರ್‌ಬಾಕ್ಸನ್ನೂ ಹಿಂದಿನ ಸಸ್ಪೆನ್ಶನ್ನನ್ನೂ ಆ ಎಂಜಿನ್ನೇ ಹೊರುತ್ತದೆ. 1967ರ ಜೂನ್ 4ರಂದು ಹಾಲೆಂಡಿನ ಜಾಂಡ್‌ವೂರ್ಟ್‌ನಲ್ಲಿ ಇದು ಮೊದಲ ಬಾರಿಗೆ ಸ್ಪರ್ಧೆಗಿಳಿಯಿತು. ಎಂಟನೆಯ ಸ್ಥಾನದಿಂದ ಹೊರಟ ಜಿಮ್ ಕ್ಲಾರ್ಕ್ ಅದೇ ದಿನ ಗೆದ್ದ. ನಾನು ಕಟ್ಟಿದ್ದು ಆ ದಿನದ ಐದನೆಯ ನಂಬರಿನ ಕಾರನ್ನು.

ಹೀಗೆ ಒಂದು ದಿನವನ್ನು ಗೊತ್ತುಮಾಡಿಕೊಳ್ಳದೆ ಕತ್ತರಿ ಹಿಡಿಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಈ ಕಾರಿಗೆ ರೆಕ್ಕೆಗಳು ಬಂದದ್ದು 1968ರಲ್ಲಿ. ಕೆಂಪು, ಬಿಳಿ, ಚಿನ್ನದ ಬಣ್ಣಗಳ ಗೋಲ್ಡ್ ಲೀಫ್ ಸಿಗರೇಟಿನ ಜಾಹೀರಾತು ಬಂದದ್ದೂ ಅದೇ ವರ್ಷ. 1967ರಲ್ಲಿ ಕ್ಲಾರ್ಕ್ ಸೀಟ್ ಬೆಲ್ಟ್ ಕಟ್ಟಿಕೊಂಡು ಓಡಿಸುತ್ತಿರಲಿಲ್ಲ. ಪುಟ್ಟ ಬಕಲ್ಲುಗಳಿರುವ ಬೆಲ್ಟನ್ನು ಸೇರಿಸಿದರೆ ನೋಡುವವರಿಗೆ ಕೆಲಸ ನಾಜೂಕಾಗಿ ಕಾಣಬಹುದು, ಆದರೆ ಕಾರು ಸುಳ್ಳಾಗುತ್ತದೆ.

ಪ್ರಮಾಣದ ಲೆಕ್ಕವನ್ನು ನಾನು ಪ್ರತಿಯೊಂದು ತಂತಿಗೂ ಹಾಕಿದೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ 2,413 ಮಿಲಿಮೀಟರ್ ಅಂತರ ಮಾದರಿಯಲ್ಲಿ 201 ಮಿಲಿಮೀಟರ್ ಆಗುತ್ತದೆ. ಕಿಟ್ ತಯಾರಿಸಿದವರು ಅದನ್ನು ಮೊದಲೇ ನೋಡಿಕೊಂಡಿರುತ್ತಾರೆ. ಆದರೆ ಏಳು ಮಿಲಿಮೀಟರ್ ದಪ್ಪದ ಸ್ಪಾರ್ಕ್ ಪ್ಲಗ್ ವೈರು 0.58 ಮಿಲಿಮೀಟರಿಗೆ ಇಳಿಯಬೇಕಾದುದನ್ನು ನಾವೇ ನೋಡಿಕೊಳ್ಳಬೇಕು. ಇದಕ್ಕೆ ದೂರದಿಂದ ಏನನ್ನೂ ತರಿಸಬೇಕಾಗಲಿಲ್ಲ. ರೊಬಸ್ಟಾ ಕಾಫಿ ತೋಟಗಳಿಗೆ ಸ್ಪ್ರಿಂಕ್ಲರ್ ಹಾಕುವ ಪಂಪುಗಳ ದೆಸೆಯಿಂದ ಗೋಣಿಕೊಪ್ಪದ ಕಡೆ ಮೋಟಾರ್ ವೈಂಡಿಂಗ್ ಅಂಗಡಿಗಳಿಗೆ ಬರವಿಲ್ಲ. ಅಲ್ಲಿ ಸಿಗುವ 24 ಗೇಜಿನ ತಾಮ್ರದ ತಂತಿಯ ದಪ್ಪ 0.56 ಮಿಲಿಮೀಟರ್. ಒಂದು ಮೊಳ ಕೇಳಿದವನನ್ನು ಅಂಗಡಿಯವರು ವಿಚಿತ್ರವಾಗಿ ನೋಡಿದರೂ ಹಣ ತೆಗೆದುಕೊಳ್ಳಲಿಲ್ಲ.

ಕೊಡಗಿನಲ್ಲಿ ಈ ಕೆಲಸದ ಕ್ರಮವನ್ನು ನಿರ್ಧರಿಸುವುದು ಮಳೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ದಿನಗಳಲ್ಲಿ ನನ್ನ ಕೋಣೆಯ ತೇವಮಾಪಕ ಶೇಕಡಾ 90ರಿಂದ ಕೆಳಗಿಳಿಯುವುದೇ ಅಪರೂಪ. ಅಂಥ ಗಾಳಿಯಲ್ಲಿ ಲ್ಯಾಕರ್ ಬಣ್ಣ ಸಿಂಪಡಿಸಿದರೆ, ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಅದರ ಮೇಲೆ ಕೂತ ತೇವ ಬಣ್ಣದೊಳಗೇ ಸಿಕ್ಕಿಕೊಂಡು ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಕಂಪ್ರೆಸರಿಗೆ ನೀರು ಹಿಡಿಯುವ ಬಟ್ಟಲು ಜೋಡಿಸಿದರೆ ಕೊಳವೆಯ ಗಾಳಿ ಒಣಗುತ್ತದೆಯೇ ಹೊರತು ಕೋಣೆಯ ಗಾಳಿಯಲ್ಲ. ಆದ್ದರಿಂದ ಮಳೆಗಾಲವನ್ನು ಎಂಜಿನ್ ಮತ್ತು ತಂತಿಗಳಿಗೆ ಮೀಸಲಿಟ್ಟು, ಹೊರಮೈಯ ಬಣ್ಣವನ್ನು ಜನವರಿಗೆ ಉಳಿಸಿಕೊಂಡೆ. ಕರೆಂಟು ಹೋದರೂ ತಂತಿಯ ಕೆಲಸ ಹೆಡ್‌ಲ್ಯಾಂಪಿನ ಬೆಳಕಿನಲ್ಲಿ ಸಾಗುತ್ತದೆ.

ಡಿಎಫ್‌ವಿಯಲ್ಲಿ ಸಿಲಿಂಡರಿಗೊಂದರಂತೆ ಎಂಟು ಪ್ಲಗ್ಗುಗಳಿದ್ದು, ಅವು ಎಂಜಿನ್ನಿನ ತಲೆಯ ಮುಚ್ಚಳವಾದ ಕ್ಯಾಮ್ ಕವರಿನ ನಡುವಿನ ಕುಳಿಗಳಲ್ಲಿ ಕೂತಿರುತ್ತವೆ. ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಮತ್ತು ಇಂಧನ ಅಳೆದು ಕೊಡುವ ಘಟಕ ಎರಡೂ ಎರಡು ಸಾಲು ಸಿಲಿಂಡರುಗಳ ನಡುವಿನ 'ವಿ' ಆಕಾರದ ಕಣಿವೆಯಲ್ಲಿವೆ. ಹೀಗಾಗಿ ಎಂಟು ದಪ್ಪ ವೈರುಗಳೂ ಎಂಟು ಸಣ್ಣ ಇಂಧನ ಕೊಳವೆಗಳೂ ಗಾಳಿ ಎಳೆದುಕೊಳ್ಳುವ ಎಂಟು ತುತ್ತೂರಿ ಕೊಳವೆಗಳ ಬುಡದಲ್ಲಿ ಒಂದನ್ನೊಂದು ದಾಟಿ ಹೋಗಬೇಕು. ಮೊದಲು ತಂತಿಯನ್ನು ಎರಡು ಗಾಜಿನ ತುಂಡುಗಳ ನಡುವೆ ಉರುಳಿಸಿ ನೆಟ್ಟಗೆ ಮಾಡಿಕೊಂಡೆ. ಕೈಡ್ರಿಲ್ಲಿನಿಂದ 0.6 ಮಿಲಿಮೀಟರಿನ ತೂತು ಕೊರೆದು, ತಂತಿಯ ತುದಿಯನ್ನು ಪ್ಲಗ್ಗಿನ ಕುಳಿಯಲ್ಲಿ ಅಂಟಿಸಿ, ಅಂಟು ಪೂರ್ತಿ ಗಟ್ಟಿಯಾದ ಮೇಲೆಯೇ ಇನ್ನೊಂದು ತುದಿಯನ್ನು ಬಗ್ಗಿಸಿದೆ. ಇಕ್ಕಳದಿಂದ ಬಗ್ಗಿಸಿದರೆ ಮೂಲೆ ಮೂಡುತ್ತದೆ, ನಿಜವಾದ ರಬ್ಬರ್ ವೈರಿಗೆ ಮೂಲೆ ಇರುವುದಿಲ್ಲ. ಆದುದರಿಂದ ಗೋಣಿ ಹೊಲಿಯುವ ದಬ್ಬಳಕ್ಕೆ ತಂತಿಯನ್ನು ಒರಗಿಸಿ ಬೆರಳಿನಿಂದ ಒತ್ತಿದೆ. ಎಲ್ಲಿಂದಲೋ ಹೊರಟು ಎಲ್ಲಿಯೋ ಮಾಯವಾಗುವ ತಂತಿ ಮಾದರಿಯಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಮೇಲು.

ಬಣ್ಣಕ್ಕೆ ಬಿಸಿಲಿನ ದಿನವೊಂದೇ ಸಾಲದು. ಕಣದಲ್ಲಿ ಕಾಫಿ ಹರಡಿದ ಕಾಲವಾದ್ದರಿಂದ, ಅದನ್ನು ಮಗುಚುವಾಗ ಏಳುವ ದೂಳು ಅಡಗಿದ ಹೊತ್ತನ್ನು ಕಾಯಬೇಕಿತ್ತು. ಹಸಿರು ಮೈಯ ಮೂತಿಯ ಮೇಲೆ ಹಳದಿ ಪಟ್ಟೆ ಬರಬೇಕು. ಹಳದಿ ಕಡು ಬಣ್ಣಗಳನ್ನು ಮುಚ್ಚುವುದಿಲ್ಲವಾದ್ದರಿಂದ ಬಿಳಿ ಪ್ರೈಮರಿನ ಮೇಲೆ ಮೊದಲು ಅದನ್ನೇ ಹೊಡೆದು, ಪಟ್ಟೆಯಷ್ಟು ಅಗಲಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಅನಂತರ ನೇರವಾಗಿ ಹಸಿರಿಗೆ ಹೋಗದೆ, ಟೇಪಿನ ಅಂಚಿನುದ್ದಕ್ಕೂ ಮತ್ತೊಮ್ಮೆ ತೆಳುವಾಗಿ ಹಳದಿಯನ್ನೇ ಸಿಂಪಡಿಸಿದೆ. ಅಂಚಿನಡಿ ನುಸುಳುವ ಸಂದುಗಳನ್ನು ಹಳದಿಯೇ ತುಂಬಿದ ಕಾರಣ ಹಸಿರಿಗೆ ದಾರಿ ಉಳಿಯಲಿಲ್ಲ, ಗೆರೆ ಬ್ಲೇಡಿನಿಂದ ಕತ್ತರಿಸಿದಂತೆ ಬಂತು. ಮೇಲಿನ ಕ್ಲಿಯರ್ ಕೋಟನ್ನು 2000 ನಂಬರಿನ ಉಜ್ಜುಕಾಗದದಿಂದ ನೀರು ಹಾಕಿ ಉಜ್ಜಿದೆನಾದರೂ ಕನ್ನಡಿಯಂತೆ ಹೊಳೆಯಿಸಲಿಲ್ಲ. ಅತಿ ಹೊಳಪು ಸಣ್ಣ ವಸ್ತುವನ್ನು ಆಟಿಕೆಯಾಗಿಸುತ್ತದೆ. ಅಷ್ಟಾದರೂ ನೋಡಲು ಬಂದವರು ಮೊದಲು ಕೇಳುವುದು 'ಇದು ಓಡ್ತದಾ?' ಎಂದೇ.

ಎಂಜಿನ್ನನ್ನು ಮೊನೊಕಾಕಿಗೆ ಅಂಟಿಸಲು ಮನಸ್ಸಾಗಲಿಲ್ಲ. ನಿಜವಾದ ಕಾರಿನಲ್ಲಿರುವಂತೆ ಕೆಳಗೆ ಎರಡು, ಮೇಲೆ ಕ್ಯಾಮ್ ಕವರಿನ ಬಳಿ ಪುಟ್ಟ ತಗಡಿನ ಮೂಲಕ ಎರಡು, ಒಟ್ಟು ನಾಲ್ಕು ಕಡೆ ಗಡಿಯಾರ ರಿಪೇರಿಯ ಅಂಗಡಿಯಿಂದ ತಂದ ತಿರುಪುಗಳನ್ನು ಕೂರಿಸಿದೆ. ಅವುಗಳನ್ನು ಬಿಚ್ಚಿದರೆ ಕಾರು ಎರಡು ತುಂಡಾಗಿ ಕೈಗೆ ಬರುತ್ತದೆ.

ಮುಗಿದ ಮಾದರಿಯನ್ನು ಇಲ್ಲಿ ತೆರೆದಿಟ್ಟರೆ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಅಕ್ರಿಲಿಕ್ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು, ಹರಳುಗಳ ನೀಲಿ ಗುಲಾಬಿಗೆ ತಿರುಗಿದಾಗ ಮತ್ತೆ ನೀಲಿ ಬರುವವರೆಗೆ ಬಿಸಿಮಾಡುತ್ತೇನೆ. ಅದಕ್ಕೆ ಅಡುಗೆಯ ಬಾಣಲೆಯನ್ನು ಬಳಸಬಾರದು. ಮೃದು ಟೈರುಗಳು ವರ್ಷಗಟ್ಟಲೆ ತಾಗಿಕೊಂಡಿದ್ದರೆ ಅವುಗಳಿಂದ ಒಸರುವ ಎಣ್ಣೆಯಂಶ ಕೆಳಗಿನ ಪ್ಲಾಸ್ಟಿಕ್ಕನ್ನು ಕರಗಿಸುವುದರಿಂದ, ನಾಲ್ಕೂ ಗಾಲಿಗಳ ಅಡಿಯಲ್ಲಿ ಗಾಜಿನ ಚಿಕ್ಕ ಚೂರುಗಳನ್ನು ಇಟ್ಟಿದ್ದೇನೆ.